ಪಾತ್ರೆ ತೊಳೆಸುವ ಪದ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಪಾತ್ರೆ ಯಾರ ಪಾಲು ಅನ್ನುವುದನ್ನು ತೀರ್ಮಾನಿಸುವುದು ಒಂದು ಸ್ಲೇಟು. ಅಪ್ಪ ಪುಸ್ತಕಗಳಿಗೆ ಬೈಂಡು ಹಾಕುವವರು. ರಿಪೇರಿಗೆ ಬಂದ ಹಳೇ ನಿಘಂಟುಗಳಿಂದ ವಿಚಿತ್ರ ಪದಗಳನ್ನು ಹೆಕ್ಕಿ, ದಿನಕ್ಕೊಂದರಂತೆ ಅಡುಗೆಮನೆಯ ಸ್ಲೇಟಿನ ಮೇಲೆ ಬರೆಯುತ್ತಾರೆ. ಊಟ ಮುಗಿಯುವುದರೊಳಗೆ ಅದನ್ನು ಒಮ್ಮೆಯೂ ಸರಿಯಾಗಿ ಬಳಸದವರಿಗೆ ಪಾತ್ರೆ. 'ತ್ಸುಂದೊಕು' ಬಂದ ದಿನ ಅಮ್ಮ ಸುಲಭವಾಗಿ ಪಾರಾದಳು. ಪುಸ್ತಕ ಕೊಂಡು ಓದದೆ ಪೇರಿಸಿಡುವುದಕ್ಕೆ ಜಪಾನಿನವರ ಮಾತದು. "ಮಂಚದ ಕೆಳಗಿರೋ ನಿಮ್ಮ ತ್ಸುಂದೊಕು ತೆಗೆದ್ರೆ ಕಸ ಗುಡಿಸ್ತೀನಿ" ಅಂದಳು. ಅಪ್ಪ ಮಾತ್ರ ಒಂದು ದಿನವೂ ಸೋತವರಲ್ಲ. ಅವರ ಜಂಬ ನೋಡಲಾಗುವುದಿಲ್ಲ.

ಆರು ವರ್ಷದ ಹಿಂದೆ ಅಪ್ಪನ ಅಕ್ಕ, ಅಂದರೆ ನಮ್ಮತ್ತೆ, ಮನೆ ಚೊಕ್ಕ ಮಾಡುವ ಹುರುಪಿನಲ್ಲಿ ಅಪ್ಪನ ಪದಗಳ ನೋಟುಬುಕ್ಕನ್ನು ಹಳೇ ಪೇಪರಿನವನಿಗೆ ಹಾಕಿಬಿಟ್ಟರು. ಅಪ್ಪ ಕೆಂಡಾಮಂಡಲ. "ಉಣ್ಣೋಕೂ ಉಡೋಕೂ ಬರದ ಪದಕ್ಕೆ ಇಷ್ಟು ರಂಪಾನಾ?" ಅಂದು ಹೊರಟ ಅತ್ತೆ ಮತ್ತೆ ಹೊಸ್ತಿಲು ತುಳಿಯಲಿಲ್ಲ. ಕಳೆದ ವಾರ ಬೇಸತ್ತು ನಾನೇ ಫೋನು ಮಾಡಿ ಕರೆದೆ.

"ಭಾನುವಾರ ಬರ್ತೀನಿ. ಅವನು ಮುಖ ಗಂಟು ಹಾಕ್ಕೊಂಡಿದ್ರೆ ಬಾಗಿಲಿಂದಲೇ ವಾಪಸ್" ಅಂದರು.

ಭಾನುವಾರ ಸ್ಲೇಟಿನ ಮೇಲೆ 'ಇಕ್‌ಟ್ಸುಆರ್‌ಪೊಕ್' ಬಂತು. ಹಿಮದ ನಾಡಿನ ಇನ್ಯುಯಿಟ್ ಜನರ ಪದ. ಬರುವವರು ಬಂದರೇನೋ ಎಂದು ಮತ್ತೆ ಮತ್ತೆ ಹೊರಗೆ ಹೋಗಿ ನೋಡುವ ಚಡಪಡಿಕೆ.

"ಯಾರಿಗಪ್ಪಾ ಇದು?" ಅಂದೆ.

"ಯಾರಿಗೂ ಅಲ್ಲ. ಸರದಿಲಿ ಬಂತು."

ಹತ್ತಕ್ಕೆ ಬರಬೇಕಿದ್ದ ಅತ್ತೆ ಹನ್ನೊಂದಾದರೂ ಇಲ್ಲ. ಅಪ್ಪ ಗಿಡಕ್ಕೆ ನೀರು ಹಾಕಲು ಹೊರಗೆ ಹೋದರು. ಆಮೇಲೆ ಅದೇ ಗಿಡಕ್ಕೆ ಇನ್ನೊಮ್ಮೆ. ಭಾನುವಾರವೆಂದು ಗೊತ್ತಿದ್ದೂ ಟಪಾಲು ಡಬ್ಬಿ ನೋಡಿದರು. ಅಂಟು ಒಣಗಲೆಂದು ರಟ್ಟನ್ನು ಬಿಸಿಲಿಗಿಟ್ಟರು. ಅದಕ್ಕೆ ಅಂಟೇ ಹಾಕಿರಲಿಲ್ಲ. ನಾನೂ ಅಮ್ಮನೂ ಪದವನ್ನು ಅವರ ಮೇಲೇ ಬಳಸಿ ಪಾರಾದೆವು. ಅವರು ಮಾತ್ರ ಬಾಯಿ ಬಿಡಲಿಲ್ಲ. ಬಿಟ್ಟರೆ ಅಕ್ಕನಿಗಾಗಿ ಕಾಯುತ್ತಿದ್ದೇನೆಂದು ಒಪ್ಪಿಕೊಂಡ ಹಾಗೆ! ನನಗೆ ನಗುವೂ ಬಂತು, ಸಂಕಟವೂ ಆಯಿತು. ಇವತ್ತು ಅತ್ತೆ ಬರದಿದ್ದರೆ ಈ ಮನುಷ್ಯ ಇನ್ನೆಂದೂ ರಾಜಿಗೆ ಬರುವುದಿಲ್ಲ ಅನ್ನಿಸಿತು.

ಹನ್ನೆರಡಕ್ಕೆ ಅತ್ತೆ ಬಂದರು. ಅಪ್ಪ "ಬಾ" ಅಂದರು, ಅಷ್ಟೇ. ಉಪ್ಪು ಕೊಡು, ನೀರು ಕೊಡು ಅನ್ನುವುದರಲ್ಲೇ ಊಟ ಮುಗಿಯಿತು. ಅಮ್ಮ ಸ್ಲೇಟಿನ ಕಡೆ ಬೆರಳು ಮಾಡಿದಳು.

"ರೀ, ನೀವು ಪದ ಬಳಸಲೇ ಇಲ್ಲ. ಏಳಿ, ಪಾತ್ರೆ."

ಅಪ್ಪ ಅಂಗಿಯ ತೋಳು ಮಡಿಸಿ, ಪಾತ್ರೆ ಎತ್ತಿಕೊಂಡು ನಲ್ಲಿಯ ಕಡೆ ನಡೆದರು.

"ಏನೇ ಅದು ಪದ?" ಅತ್ತೆ ನನ್ನನ್ನು ಕೇಳಿದರು. ಆಟವನ್ನೂ ಅರ್ಥವನ್ನೂ ಹೇಳಿದೆ.

"ಲೋ, ಆ ಪಾತ್ರೆ ಕೆಳಗಿಡೋ" ಅಂದರು ಅತ್ತೆ. ಆಮೇಲೆ ಅಮ್ಮನ ಕಡೆ ತಿರುಗಿದರು. "ಇವನು ಏಳು ಸಲ ಬಳಸಿದಾನೆ ಕಣೇ. ಹತ್ತು ಗಂಟೆಯಿಂದ ಎದುರಿನ ಔಷಧಿ ಅಂಗಡಿಲಿ ನಿಂತು ಎಣಿಸ್ತಿದ್ದೆ. ರಸ್ತೆ ದಾಟೋ ಧೈರ್ಯ ಬಂದಿದ್ದೇ ಏಳನೇ ಸಲಕ್ಕೆ."

ಅಪ್ಪ ಪಾತ್ರೆ ಕೆಳಗಿಡಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ. ನಲ್ಲಿ ಜೋರಾಗಿ ಬಿಟ್ಟರು.

"ಎಂಟು, ಅಕ್ಕ" ಅಂದರು. "ಹಿತ್ತಲ ಬಾಗಿಲಿಂದಲೂ ಒಂದ್ಸಲ ನೋಡಿದ್ದೆ."