ಅಂಬಿಗನ ಪಾಠ

ಪುಟ್ಟ ದೋಣಿ ನಡೆಸಲು ಕಲಿತರೆ ಮಗಳನ್ನು ಕೊಡುತ್ತೇನೆಂದು ಅಂಬಿಗ ದರ್ಜಿಗೆ ಮಾತು ಕೊಟ್ಟಿದ್ದ. ದರ್ಜಿ ಮಂಡಿಯೂರಿ ಕೂರುವುದನ್ನೂ ಹುಟ್ಟು ಹಾಕುವುದನ್ನೂ ದೇವರ ಮುಂದೆ ಕುಳಿತವನಂತೆ ಭಕ್ತಿಯಿಂದ ಕಲಿತ.

“ಮಗುಚಿದ್ರೆ ದೋಣಿ ಬಿಡ್ಬೇಡ. ಮುಳುಗೋರ ಕೈ ಹಿಡಿದ್ರೆ ಇಬ್ರೂ ಹೋಗ್ತೀರ, ಹುಟ್ಟು ಚಾಚು,” ಎಂದು ಅಂಬಿಗ ದಿನವೂ ಗದರುತ್ತಿದ್ದ.

ಪರೀಕ್ಷೆಯ ದಿನ ಮಗಳನ್ನೂ ಕೂರಿಸಿಕೊಂಡು ನಡುಹೊಳೆಯಲ್ಲಿ ಅಂಬಿಗನೇ ಬೇಕೆಂದು ದೋಣಿ ಮಗುಚಿಹಾಕಿದ.

“ಅಯ್ಯೋ, ಹಿಡ್ಕೊಳ್ರೀ!” ಎಂದು ಹುಡುಗಿ ಕೈ ಚಾಚಿದಳು. ದರ್ಜಿ ದೋಣಿಯನ್ನು ತಬ್ಬಿಕೊಂಡೇ ಹುಟ್ಟು ಚಾಚಿದ. ಅವಳು ಅದನ್ನು ಮುಟ್ಟದೆ ಈಜಿ ದಡ ಸೇರಿದಳು.

“ಅಪ್ಪಾ, ಈ ಮರದ ಬೊಂಬೆ ನಂಗೆ ಬೇಡ,” ಎಂದು ಜಡೆ ಹಿಂಡುತ್ತಾ ಹೊರಟೇಹೋದಳು.

ದೋಣಿ ಹಿಡಿದೇ ದಡ ಸೇರಿದ ದರ್ಜಿಯ ಬೆನ್ನು ತಟ್ಟಿ ಅಂಬಿಗ ನಕ್ಕ: “ಭೇಷ್! ಹೀಗೇ ಮಾಡ್ತೀಯ, ಅವಳೇ ಬೇಡ ಅಂತಾಳೆ ಅಂತ್ಲೇ ಕಣಯ್ಯ, ಅಷ್ಟು ಚೆನ್ನಾಗಿ ಕಲಿಸಿದ್ದು.”