ತಂಗಿ ಕೊಂಡ ಗಿರಣಿ

ತರೀಕೆರೆ ಪೇಟೆಯಲ್ಲಿ ಶಂಕರಮ್ಮನ ಜವಳಿ ಅಂಗಡಿಯ ಎದುರಿಗೇ ಒಂದು ಅಕ್ಕಿ ಗಿರಣಿ ಎಷ್ಟೋ ವರ್ಷದಿಂದ ಬೀಗ ಹಾಕಿಕೊಂಡು ಬಿದ್ದಿತ್ತು. ಹೆಂಚು ಉದುರಿ, ಒಳಗೆಲ್ಲ ಎಕ್ಕದ ಗಿಡ. ಅದನ್ನು ಕೊಂಡು ಕಲ್ಯಾಣ ಮಂಟಪ ಮಾಡೋಣ ಎಂದು ಗಂಡ ಮಲ್ಲಿಕಾರ್ಜುನಪ್ಪ ಒಮ್ಮೆ ಅಂದಿದ್ದ. "ಇರೋ ಅಂಗಡಿ ನೆಟ್ಟಗೆ ನೋಡ್ಕೊಳ್ರೀ ಸಾಕು. ಆ ಹಾಳು ಕೊಂಪೆ ಯಾರಿಗೆ ಬೇಕು?" ಎಂದು ಅವಳೇ ಬಾಯಿ ಮುಚ್ಚಿಸಿದ್ದಳು.

ಎಪ್ಪತ್ತೊಂಬತ್ತರಲ್ಲಿ ಅದನ್ನು ಕೊಂಡವಳು ಅವಳ ತಂಗಿ ಲಿಂಗಮ್ಮ. ಹತ್ತಿರದ ಶಿವನಿ ಎಂಬ ಊರಿಗೆ ಮದುವೆಯಾಗಿ ಹೋದವಳು. ಹಬ್ಬಕ್ಕೆ ಬಂದರೆ ಅಕ್ಕ ಉಟ್ಟುಬಿಟ್ಟ ಸೀರೆ ಒಯ್ಯುತ್ತಿದ್ದವಳು. ಗಂಡಹೆಂಡಿರು ಮದುವೆಮನೆಗಳಲ್ಲಿ ಅಡುಗೆ ಮಾಡಿ, ಒಂದಿಷ್ಟು ಹೊಲ ಮಾರಿ, ಮಂಟಪಕ್ಕೇ ಕೈ ಹಾಕಿದ್ದರು.

ಶಂಕರಮ್ಮನಿಗೆ ಅನ್ನ ಸೇರದಾಯಿತು. ತಂಗಿ ಸೆರಗು ಸಿಕ್ಕಿಸಿ ಕೂಲಿಯವರ ನಡುವೆ ಓಡಾಡುವುದು, ಪೇಟೆಯ ದೊಡ್ಡವರು ನಿಂತು ಅವಳನ್ನು ಮಾತಾಡಿಸುವುದು, ಎಲ್ಲ ಕಣ್ಣಿಗೆ ಬೀಳುತ್ತಿತ್ತು.

ಹೊಸ ಹೆಂಚು ಬಂದಿಳಿದ ದಿನ ತಡೆಯಲಾರದೆ ಎದುರಿಗೆ ಹೋದಳು.

"ಹಿಂದಿನ ಗೋಡೆ ನೋಡಿದ್ಯೇನೇ? ಟೊಳ್ಳು. ಮದುವೆ ದಿನ ಜನದ ಮೇಲೆ ಬಿದ್ರೆ ಏನ್ ಗತಿ? ಈಗ್ಲೇ ಬಿಟ್ಬಿಡು."

ಆ ಗೋಡೆಯನ್ನು ಅವಳು ಕಣ್ಣಲ್ಲೂ ಕಂಡಿರಲಿಲ್ಲ. ಲಿಂಗಮ್ಮನ ಮುಖ ಬಿಳಿಚಿಕೊಂಡಿತು. ಆ ಮಧ್ಯಾಹ್ನ ಶಂಕರಮ್ಮ ಎರಡು ಮುದ್ದೆ ಉಂಡಳು.

ಮಾರನೆಯ ಬೆಳಿಗ್ಗೆ ಗಾರೆ ಕೆಲಸದ ಕರಿಯಣ್ಣ ಆ ಗೋಡೆಗೆ ಹಾರೆ ಹಾಕಿದ. ಒಳಗೆಲ್ಲ ಗೆದ್ದಲು, ಹೆಗ್ಗಣದ ಬಿಲ. ನಾಲ್ಕೇಟಿಗೇ ದಬಾರನೆ ಕುಸಿಯಿತು. ಲಿಂಗಮ್ಮ ಬುಡದಿಂದ ಕಲ್ಲಲ್ಲೇ ಕಟ್ಟಿಸಿದಳು.

ಮಂಟಪದ ಪ್ರವೇಶದ ದಿನ ಪೇಟೆಯೆಲ್ಲ ಸೇರಿತ್ತು. ಲಿಂಗಮ್ಮ ಅಕ್ಕನ ಕೈ ಹಿಡಿದು ಮುಂದಕ್ಕೆ ಎಳೆದಳು.

"ನಮ್ಮಕ್ಕ ಹೇಳ್ದೆ ಇದ್ದಿದ್ರೆ ಇಲ್ಲಿ ಹೆಣ ಬೀಳ್ತಿದ್ವು ಕಣ್ರೀ. ದೀಪ ಅವಳೇ ಹಚ್ಲಿ."

"ಒಡಹುಟ್ಟಿದೋರು ಅಂದ್ರೆ ಹಿಂಗಿರ್ಬೇಕು" ಎಂದರು ಜನ. ಶಂಕರಮ್ಮ ಗೀರಿದ ಬೆಂಕಿಕಡ್ಡಿ ಆರಿಹೋಯಿತು. ಇನ್ನೊಂದು ಗೀರಿದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

"ಅಷ್ಟು ಮರ್ಯಾದೆ ಮಾಡಿದ್ಳು, ಯಾಕೇ ಅಳ್ತೀಯ?" ಎಂದ ಗಂಡ.

"ಬೈದಿದ್ರೆ ಚೆನ್ನಾಗಿತ್ತು."

ಆ ವೈಶಾಖದಲ್ಲಿ ಮಂಟಪಕ್ಕೆ ಬಂದ ಬೀಗರೆಲ್ಲ ಇವರ ಅಂಗಡಿಯಲ್ಲೇ ಸೀರೆ ಕೊಂಡರು. ಮಲ್ಲಿಕಾರ್ಜುನಪ್ಪ ಹಿಗ್ಗಿದ. ಶಂಕರಮ್ಮ ಸೀರೆ ಮಡಿಸಿಕೊಡುತ್ತ, ಎದುರಿನ ಊಟ ಹೇಗಿತ್ತು ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂದವರಿಗೆ ಒಂದು ರವಿಕೆ ಕಣ ಪುಕ್ಕಟೆ ಸಿಗುತ್ತಿತ್ತು.