ಧ್ವನಿ ಬೇಡ

ಮತ್ತೆ ಅದೇ ಸಾಲಿಗೆ ಬಂದು ಮುಗ್ಗರಿಸಿತು. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಭರಭರನೆ ಏರುತ್ತಿದ್ದ ಅಕ್ಷರಗಳು ತಟಕ್ಕನೆ ನಿಂತು, ಇಂಥದ್ದು ಸಿಗಲಿಲ್ಲ ಎಂದು ತಿಳಿಸಿ ಸುಮ್ಮನಾದವು. ಲಿಸಾಂದ್ರೊಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹುರುಪು. ಏನು ಸಿಗಲಿಲ್ಲ ಎನ್ನುವುದನ್ನು ಇದಾದರೂ ಮುಖಕ್ಕೆ ಹೇಳುತ್ತದಲ್ಲ, ಹಿಮೇನಾ ಹೀಗೆ ಒಂದು ದಿನವೂ ಹೇಳಿದವಳಲ್ಲ ಎಂದುಕೊಂಡ. ಅಥವಾ ಹೇಳಿದ್ದಳೇನೋ.

ಹಿಮೇನಾ ಅವನ ಹೆಂಡತಿ. ಎರಡು ತಿಂಗಳಿಂದ, ಬಸ್ಸಿನಲ್ಲಿ ಆರೇಳು ತಾಸು ದೂರದ ಸಾಲ್ತೊದಲ್ಲಿ ಅಕ್ಕನ ಮನೆಯಲ್ಲಿದ್ದಳು. ಅಲ್ಲೇ ಒಂದು ಪುಟ್ಟ ಮನೆ ನೋಡಿದ್ದೇನೆ, ಶುಕ್ರವಾರ ಬಾಡಿಗೆ ಕರಾರಿಗೆ ಸಹಿ ಹಾಕುತ್ತೇನೆ, ಇಲ್ಲವೇ ಮೊಂತೆವಿದೆಯೊಗೆ ವಾಪಸು ಬರುತ್ತೇನೆ, ಎರಡರಲ್ಲೊಂದು ಎಂದು ಹೋದ ವಾರ ಬರೆದಿದ್ದಳು. ಇವತ್ತು ಶುಕ್ರವಾರ. ಬೆಳಿಗ್ಗೆ ಅವಳ ಇಮೇಲ್ ಬಂದಿತ್ತು. "ಬರೆಯೋಕೆ ಕೂತರೆ ಎಲ್ಲಾ ಸುಳ್ಳಾಗತ್ತೆ. ಬಾಯಲ್ಲಿ ಹೇಳಿದೀನಿ, ಕೇಳು. ಕತ್ತಲಾಗೋದ್ರೊಳಗೆ ಉತ್ತರ ಕೊಡು." ಜೊತೆಗೆ ಒಂದು ಆಡಿಯೋ.

ಈ ಊರಲ್ಲಿ ಈಗ ಯಾರೂ ಬರೆಯುವುದಿಲ್ಲ. ಬೇಕರಿಯ ಸಾಲಿನಲ್ಲಿ, ಬಸ್ಸಿನಲ್ಲಿ, ಕಡಲ ದಂಡೆಯಲ್ಲಿ, ಒಂದು ಕಂಕುಳಲ್ಲಿ ಮಾಟೆ ಕಷಾಯದ ಫ್ಲಾಸ್ಕು ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಫೋನನ್ನು ಬಾಯಿಯ ಮುಂದೆ ಬ್ರೆಡ್ಡಿನ ಚೂರಿನಂತೆ ಹಿಡಿದುಕೊಂಡು ಆಡಿಯೋ ಮಾಡಿ ಕಳಿಸುತ್ತಾರೆ. ಜಗಳ, ಸಾವು, ಸಾಸಿವೆಯ ಬೆಲೆ, ಎಲ್ಲವೂ ಆಡಿಯೋದಲ್ಲೇ. ಲಿಸಾಂದ್ರೊ ಅಂಥ ಫೋನು ಇಟ್ಟುಕೊಂಡಿರಲಿಲ್ಲ. ಅದು ತತ್ವದ ಪ್ರಶ್ನೆ. ಮನೆಯಲ್ಲಿದ್ದದ್ದು ತಂತಿಯ ಹಳೆಯ ಫೋನು.

ಇನ್ನು ಅವನ ಕಂಪ್ಯೂಟರಿಗೆ ಧ್ವನಿಯೇ ಇರಲಿಲ್ಲ. ಕೆಟ್ಟಿರಲಿಲ್ಲ, ಇವನೇ ಬೇಡವೆಂದಿದ್ದ. ಬೇರೆಯವರು ಸಿದ್ಧವಾದದ್ದನ್ನು ತಂದು ಹಾಕಿಕೊಂಡು ತಮ್ಮ ಕೆಲಸಕ್ಕೆ ಕೂರುತ್ತಾರೆ. ಇವನದು ಬರೀ ಎಲುಬಿನಂಥ ವ್ಯವಸ್ಥೆ. ಅದರ ಮೇಲೆ ಬೇಕಾದ ಒಂದೊಂದನ್ನೂ ಸೋರ್ಸ್ ಕೋಡ್ ತರಿಸಿ, ಯಂತ್ರಕ್ಕೆ ಅರ್ಥವಾಗುವಂತೆ ತಾನೇ ಕಂಪೈಲ್ ಮಾಡಿ ಕಟ್ಟಬೇಕು. ಕಟ್ಟುವಾಗ ಅದು ಕೇಳುತ್ತದೆ: ಇದು ಬೇಕೆ, ಅದು ಬೇಕೆ? ಬೇಡ ಎನ್ನುವುದರಲ್ಲಿ ಅವನಿಗೊಂದು ರುಚಿ ಹತ್ತಿತ್ತು. ಮುದ್ರಣ ಬೇಡ. ಬಣ್ಣ ಬೇಡ. ಕ್ಯಾಮೆರಾ ಬೇಡ. ಧ್ವನಿ ಬೇಡ. ತಿಂಗಳಿಗೊಮ್ಮೆ ಸೇರುವ ಗೆಳೆಯರ ಕೂಟದಲ್ಲಿ, ಇವನ ಯಂತ್ರದಷ್ಟು ಸಣ್ಣದು ಯಾರದೂ ಇಲ್ಲ ಎಂದು ಗಡ್ಡದವರೆಲ್ಲ ಚಪ್ಪಾಳೆ ತಟ್ಟಿದ್ದರು. ನಲವತ್ತನಾಲ್ಕು ವರ್ಷದ ಕಾಲೇಜು ಮೇಷ್ಟರಿಗೆ ಜೀವನದಲ್ಲಿ ಸಿಕ್ಕ ಚಪ್ಪಾಳೆ ಅದು.

"ಇಷ್ಟೆಲ್ಲಾ ತೆಗೆದು, ಉಳಿದಿದ್ರಲ್ಲಿ ಏನ್ ಮಾಡ್ತೀಯೋ?" ಎಂದು ಹಿಮೇನಾ ಕೇಳಿದ್ದಳು.

"ಇನ್ನೂ ಚಿಕ್ಕದು ಮಾಡ್ತೀನಿ."

ಅವಳು ನಕ್ಕಿದ್ದಳು. ಆಗೆಲ್ಲ ನಗುತ್ತಿದ್ದಳು.

ಬೆಳಿಗ್ಗೆ ಇಮೇಲ್ ನೋಡಿದ ಕೂಡಲೇ ಅವನು ಮಾಡಿದ ಮೊದಲ ಬುದ್ಧಿವಂತ ಕೆಲಸ, ಸಾಲ್ತೊಗೆ ಫೋನ್ ಮಾಡಿದ್ದು. ಎತ್ತಿದವಳು ಹಿಮೇನಾಳ ಅಕ್ಕ ರಾಕೆಲ್.

"ಅವಳು ಈಗಷ್ಟೇ ಸೂಟ್‌ಕೇಸ್ ಎಳ್ಕೊಂಡು ಹೊರಟ್ಲು. ಕೇಳ್ದೆಯಾ?"

"ಏನನ್ನ?"

"ಏನನ್ನ ಅಂತೀಯಲ್ಲೋ! ರಾತ್ರಿಯೆಲ್ಲಾ ಕೂತು, ಅಳಿಸಿ ಅಳಿಸಿ ಮತ್ತೆ ಹೇಳಿದಾಳೆ."

"ಹಾಂ, ಅದಾ. ಕೇಳ್ದೆ, ಕೇಳ್ದೆ."

"ಮತ್ತೆ?"

"ಯೋಚನೆ ಮಾಡ್ತಾ ಇದೀನಿ."

"ಅದನ್ನ ಕೇಳಿದ ಮೇಲೂ ಯೋಚನೆ ಮಾಡೋ ಗಂಡಸು ನೀನೊಬ್ಬನೇ ಇರ್ಬೇಕು" ಎಂದಳು ರಾಕೆಲ್.

"ಎಲ್ಲಿಗೆ ಹೊರಟ್ಲು?"

"ಕೇಳ್ದೆ ಅಂದೆಯಲ್ಲ!"

"ಹೌದ್ಹೌದು. ಕೇಳ್ದೆ."

ಫೋನಿಟ್ಟ ಮೇಲೆ ಅವನಿಗೆ ಭಯವಾಯಿತು. ನಾಲಿಗೆ ಯಾಕೆ ಹಾಗೆ ಹೊರಳಿತೋ ತಿಳಿಯಲಿಲ್ಲ. ಹೆಂಡತಿಯ ಮಾತು ಕೇಳಿಸಿಕೊಳ್ಳದೆ ಕೇಳಿದೆ ಎನ್ನುವುದು ಹನ್ನೆರಡು ವರ್ಷದ ಸಂಸಾರದಲ್ಲಿ ರೂಢಿಯಾಗಿಬಿಟ್ಟಿತ್ತು, ಅಷ್ಟೇ. ಈಗ ಅದರಲ್ಲಿ ಏನಿದೆಯೆಂದು ಯಾರನ್ನೂ ಕೇಳುವಂತಿರಲಿಲ್ಲ.

ಎರಡನೆಯ ಬುದ್ಧಿವಂತ ಕೆಲಸ, ಅದೇ ಮಹಡಿಯಲ್ಲಿ ಎದುರುಮನೆಯ ದೋನ್ಯಾ ನೇಲಿಯ, ಅಂದರೆ ನೇಲಿಯಮ್ಮನ, ಬಾಗಿಲು ತಟ್ಟಿದ್ದು. ಆಡಿಯೋವನ್ನು ಆಕೆಯ ಫೋನಿಗೆ ಕಳಿಸಿ ಕೇಳಿದರೆ ಅರೆನಿಮಿಷದ ಕೆಲಸ. ಬಾಗಿಲು ತೆರೆದಾಗ ಆ ವಿಧವೆ ಆಡಿಯೋ ಮಾಡುವುದರಲ್ಲೇ ಇದ್ದಳು.

"ತಡಿಯೇ, ಎದುರುಮನೆ ಮೇಷ್ಟ್ರು ಬಂದಿದಾರೆ, ಮುಖ ನೋಡಿದ್ರೆ ಯಾರೋ ಹೋಗ್ಬಿಟ್ಟಂಗಿದೆ, ಆಮೇಲೆ ಹೇಳ್ತೀನಿ" ಎಂದು ಫೋನಿಗೆ ಹೇಳಿ ಮುಗಿಸಿದಳು. "ಏನ್ರೀ ಮೇಷ್ಟ್ರೇ?"

"ಏನಿಲ್ಲ. ನಿಮ್ಮ ಫೋನು..."

"ಫೋನಿಗೇನಾಗಿದೆ?"

"ಚೆನ್ನಾಗಿದೆ."

"ಇವತ್ತು ಚೆನ್ನಾಗಿದೆಯಾ! ಗೂಢಚಾರಿನ ಜೇಬಲ್ಲಿಟ್ಕೊಂಡು ತಿರುಗ್ತೀರಿ ಅಂತ ಮೆಟ್ಟಿಲ ಮೇಲೆ ನಿಲ್ಲಿಸಿ ಭಾಷಣ ಮಾಡಿದ್ರಿ ನಂಗೆ."

"ಅದು ಗೂಢಚಾರಿನೇ."

"ಇರ್ಲಿ ಬಿಡಿ, ನನ್ನ ಗುಟ್ಟು ಕೇಳೋಕೆ ಅದಾದ್ರೂ ಇದೆಯಲ್ಲ. ಹಿಮೇನಾ ಮೊನ್ನೆ ಆಡಿಯೋ ಕಳಿಸಿದ್ಲು. ಪಾಪ, ಗಂಟಲು ಪೂರ್ತಿ ಇಳಿದುಹೋಗಿದೆ."

ನೇಲಿಗೆ ಅವಳ ಗಂಟಲು ಗೊತ್ತು. ಇವನಿಗೆ ಗೊತ್ತಿಲ್ಲ. ನೇಲಿಯ ಅಡುಗೆಮನೆಯಲ್ಲಿ, ನೇಲಿಯ ಮುಂದೆ ನಿಂತು, ತನ್ನ ಹೆಂಡತಿ ತನ್ನ ಬಗ್ಗೆ ಹೇಳುವುದನ್ನು ತಾನು ಕೇಳಬೇಕೆ?

"ಸ್ವಲ್ಪ ಮಾಟೆ ಸೊಪ್ಪು ಇದೆಯಾ?" ಎಂದ.

ಅವನ ಮನೆಯಲ್ಲಿ ಒಂದು ಕಿಲೋ ಪೊಟ್ಟಣ ಒಡೆಯದೆ ಕೂತಿತ್ತು.

ಹಾಗೆ ಕಂಪೈಲ್ ಶುರುವಾಯಿತು. ವ್ಯವಸ್ಥೆಯ ತಿರುಳಿಗೇ ಧ್ವನಿ ಸೇರಿಸಬೇಕು, ಆಮೇಲೆ ಧ್ವನಿಯ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕಡ ತರುವ ಕೋಡಿನ ಕಟ್ಟು, ಆಮೇಲೆ ಆಡಿಯೋ ಬಿಡಿಸುವ ಪ್ರೋಗ್ರಾಂ. ಅದಕ್ಕೆ ಇನ್ನೊಂದು ಲೈಬ್ರರಿ ಬೇಕು, ಅದಕ್ಕೆ ಮತ್ತೊಂದು. ಮದುವೆಗೆ ಒಬ್ಬರನ್ನು ಕರೆದರೆ ಅವರ ಸೋದರಮಾವನನ್ನೂ ಷಡ್ಡಕನನ್ನೂ ಕರೆಯಲೇಬೇಕಾದ ಹಾಗೆ. ಸಾಲುಗಳು ಏರುತ್ತಿರುವಾಗ ಇವನು ಮಾಡುವುದೇನೂ ಇರಲಿಲ್ಲ. ಕೂತು ನೋಡಿದ. ಒಂದು ದೊಡ್ಡ ಕೆಲಸ ನಡೆಯುತ್ತಿದೆ, ಅದು ನನ್ನಿಂದಲೇ ನಡೆಯುತ್ತಿದೆ, ಆದರೆ ನಾನು ಏನೂ ಮಾಡಬೇಕಾಗಿಲ್ಲ. ಇಂಥ ಸಮಾಧಾನ ಅವನಿಗೆ ಬೇರೆ ಎಲ್ಲೂ ಸಿಕ್ಕಿರಲಿಲ್ಲ.

ನೇಲಿಯ ಸೊಪ್ಪಿನಲ್ಲೇ ಮಾಟೆ ಮಾಡಿಕೊಂಡ. ಇಬ್ಬರಿದ್ದಾಗ ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಕೈಯಿಂದ ಕೈಗೆ. ಒಬ್ಬನೇ ಕುಡಿದರೆ ಬೇಗ ಸಪ್ಪೆಯಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸಪ್ಪೆಯಾಯಿತು.

ಮಧ್ಯಾಹ್ನ ಒಂದು ಸಲ, ಕೇಳದೆಯೇ ಉತ್ತರ ಬರೆದುಬಿಡೋಣ ಎನ್ನಿಸಿತು. "ಬಾ" ಎಂದು ಟೈಪು ಮಾಡಿದ. ಅವಳು ಬರುವುದಿಲ್ಲ ಎಂದಿದ್ದರೆ? ಅಳಿಸಿದ. "ನಿನ್ನಿಷ್ಟ" ಎಂದು ಬರೆದ. ಇದೇ ಮಾತು ಕೇಳಿ ಕೇಳಿಯೇ ಅವಳು ಸಾಲ್ತೊಗೆ ಹೋದದ್ದು ಎಂಬುದು ಹೊಳೆದು, ಅದನ್ನೂ ಅಳಿಸಿದ. ಬೇಕೆ, ಬೇಡವೆ ಎಂದು ಅವಳನ್ನೇ ಯಾರಾದರೂ ಪರದೆಯ ಮೇಲೆ ಇಟ್ಟು ಕೇಳಿದ್ದರೆ? ಬೇಕು ಎನ್ನುತ್ತಿದ್ದ. ನಿಜವಾಗಿ ಬೇಕಾಗಿತ್ತು. ಎದ್ದು ಹೋಗಿ ಬುರುಡೆ ತೊಳೆದ.

ಜುಲೈ ಇಲ್ಲಿ ಚಳಿಗಾಲ, ಬಿಸಿಲು ಬೇಗ ಸೋಲುತ್ತದೆ. ಬೀದಿದೀಪ ಹತ್ತುವ ಹೊತ್ತಿಗೆ ಕೊನೆಯ ಲೈಬ್ರರಿ ತಕರಾರಿಲ್ಲದೆ ಮುಗಿಯಿತು. ಆಡಿಯೋದ ಹೆಸರು ಟೈಪು ಮಾಡಿ, ಒಂದು ಗಳಿಗೆ ತಡೆದು, ಒತ್ತಿದ.

ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಒಂದು ನಿಮಿಷ ದಾಟಿತು. ಎರಡು. ಎಷ್ಟೊಂದು ಹೇಳಿದ್ದಾಳೆ! ಆದರೆ ಸದ್ದೇ ಇಲ್ಲ. ಕೊನೆಗೆ, ಎಲ್ಲವೂ ಯಶಸ್ವಿಯಾಗಿ ಮುಗಿಯಿತು ಎಂದು ಪ್ರೋಗ್ರಾಂ ವರದಿ ಮಾಡಿ ನಿಂತಿತು.

ಆಗ ನೆನಪಾಯಿತು. ಹೊಸದಾಗಿ ಕಟ್ಟಿದ ಧ್ವನಿ ಮೂಕವಾಗಿಯೇ ಹುಟ್ಟುತ್ತದೆ. ಯಾರ ಕಿವಿಗೂ ಏಟಾಗದಿರಲೆಂದು ಎಲ್ಲವನ್ನೂ ಸೊನ್ನೆಗೆ ಇಳಿಸಿಟ್ಟಿರುತ್ತಾರೆ. ಅದನ್ನು ಏರಿಸುವ ಪುಟ್ಟ ಪ್ರೋಗ್ರಾಂ ಬೇರೆ, ಅದನ್ನೂ ಬೇರೆಯಾಗಿ ಕಂಪೈಲ್ ಮಾಡಬೇಕು. ಪ್ರತಿವರ್ಷ ಹೊಸ ಹುಡುಗರು ಇಲ್ಲೇ ಎಡವುವುದನ್ನು ತರಗತಿಯಲ್ಲಿ ಹೇಳಿ ನಗಿಸುವವನು ಅವನೇ. ಇನ್ನೂ ಒಂದಿಷ್ಟು ಕೆಲಸ ಉಳಿದಿದೆಯಲ್ಲ ಎಂದು ಅವನ ಜೀವ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಅದನ್ನು ಕಂಪೈಲಿಗೆ ಹಾಕಿದ. ಸಾಲುಗಳು ಏರತೊಡಗಿದವು. ಸುಮ್ಮನೆ ಕೂರಲಾರದೆ ಆಡಿಯೋವನ್ನು ಇನ್ನೊಮ್ಮೆ ಹಚ್ಚಿ, ಬಗ್ಗಿ, ಯಂತ್ರದ ಸಣ್ಣ ತೂತುಗಳಿಗೆ ಕಿವಿಯಿಟ್ಟ. ಏನೂ ಕೇಳಿಸುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲೇ ಇರಲಿಲ್ಲ. ಬಿಸಿಗಾಳಿ ಕೆನ್ನೆಗೆ ತಾಗಿತು. ಅದರೊಳಗೆಲ್ಲೋ ಅವಳು ಮಾತಾಡುತ್ತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ, ಎರಡು ಸಲ.

"ಶ್! ಆಮೇಲೆ ಬನ್ನಿ ದೋನ್ಯಾ ನೇಲಿ" ಎಂದ, ತಲೆ ಎತ್ತದೆ. "ಕೇಳಿಸ್ತಾ ಇಲ್ಲ ನಂಗೆ."

ಹೊರಗೆ ಯಾರೋ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಚಕ್ರವಿರುವ ಏನೋ ಒಂದು, ಕಲ್ಲುಮೆಟ್ಟಿಲ ಮೇಲೆ ಟಕ್ಕೆಂದು ಇಳಿಯಿತು. ತಡೆದು, ಇನ್ನೊಂದು ಮೆಟ್ಟಿಲು. ನೇಲಿಯ ಸಂತೆಗಾಡಿಗೂ ಚಕ್ರವಿದೆ ಎಂದುಕೊಂಡ.

ಸದ್ದು ಕೆಳಗಿನ ಮಹಡಿ ತಲುಪಿತು. ಲಿಸಾಂದ್ರೊ ಕಿವಿಯನ್ನು ಇನ್ನಷ್ಟು ಒತ್ತಿದ. ಪರದೆಯ ಮೇಲೆ ಸಾಲುಗಳು ಏರುತ್ತಲೇ ಇದ್ದವು. ಬಾಗಿಲಿನ ಕಡೆಗೆ ಎತ್ತಿದ್ದ ಅವನ ಒಂದು ಕೈ, ಸುಮ್ಮನಿರಿ ಎನ್ನುತ್ತಾ, ಹಾಗೇ ಗಾಳಿಯಲ್ಲಿ ನಿಂತಿತ್ತು.